ನನ್ನ ಗಂಡನಿಗೆ ಇನ್ನೊಬ್ಬ ವಿಧವೆ

ಹೊಟ್ಟೆಕಿಚ್ಚು ಎಂಬ ಪದಾರ್ಥವನ್ನು ನನ್ನ ಅಡುಗೆಮನೆಯೊಳಕ್ಕೆ ಬಿಟ್ಟುಕೊಳ್ಳುವುದಿಲ್ಲ ಎಂದು ಮದುವೆಯ ದಿನವೇ ಪಣ ತೊಟ್ಟವಳು ನಾನು. ಹಾಂಗ್‌ಕಾಂಗಿನಲ್ಲಿ ಸಿನಿಮಾದವನನ್ನು ಕಟ್ಟಿಕೊಂಡ ಮೇಲೆ ತೊಡಲೇಬೇಕಲ್ಲ! ನಮ್ಮ ಮಹಡಿಯ ಹೆಂಗಸರಿಗೆಲ್ಲ ನಾನೇ ಬುದ್ಧಿ ಹೇಳುತ್ತಿದ್ದೆ: "ಗಂಡನ್ನ ನಂಬಬೇಕು ಕಣ್ರೇ. ನನ್ನ ನೋಡಿ ಕಲೀರಿ!"

ನಿಜ ಹೇಳಬೇಕೆಂದರೆ ಈ ಪಣ ನಡೆಸುವುದು ಬಹಳ ಸುಲಭವಾಗಿತ್ತು. ನನ್ನ ಗಂಡ ಮಾನ್‌ಫೈ ಸಿನಿಮಾದಲ್ಲಿ ಹೊಡೆದಾಟದವನು. ಅವನ ಮುಖವನ್ನು ನೀವು ನೋಡಿರಲಾರಿರಿ, ಬೆನ್ನನ್ನು ಮಾತ್ರ ಧಾರಾಳವಾಗಿ ನೋಡಿರುತ್ತೀರಿ. ಹೀರೋ ಮಹಡಿಯಿಂದ ಹಾರಿದಾಗ ಕೆಳಗಿನ ಹಣ್ಣಿನ ಗಾಡಿಯ ಮೇಲೆ ಬಂದು ಬೀಳುವ ಬೆನ್ನು ಅವನದು. ರಾತ್ರಿ ಆ ಬೆನ್ನಿಗೆ ಗಿಡಮೂಲಿಕೆ ಎಣ್ಣೆ ತಿಕ್ಕುವ ಕೈ ನನ್ನದು. ನೀಲಿಗಟ್ಟಿದ ಜಾಗ ನೋಡಿಯೇ ಅದು ಯಾವ ಸಿನಿಮಾ, ಯಾವ ಗಾಡಿ ಎಂದು ಹೇಳಬಲ್ಲೆ. ಎಣ್ಣೆಯ ವಾಸನೆ ಹೊಡೆಯುವ ಗಂಡಸಿನ ಹಿಂದೆ ಯಾವ ನಟಿ ಬಂದಾಳು? ಹಾಗಾಗಿ ನನ್ನ ಪಣ ಭದ್ರವಾಗಿಯೇ ಇತ್ತು.

ಒಂದು ಸಂಜೆ ಅವನು ಹೊಸ ಸಿನಿಮಾದ ಪೂಜೆ ಮುಗಿಸಿ, ನೈವೇದ್ಯಕ್ಕಿಟ್ಟ ಸುಟ್ಟ ಹಂದಿಯ ಪಾಲನ್ನು ಕಾಗದದಲ್ಲಿ ಕಟ್ಟಿಸಿಕೊಂಡು ಕುಣಿಯುತ್ತ ಬಂದ.

"ಮುದುಕೀ, ಈ ಸಲ ನಂಗೆ ಹೆಸರಿರೋ ಪಾತ್ರ!"

"ಏನು ಹೆಸರು?"

"ಮೂರನೇ ಕಳ್ಳ."

"ಅದೂ ಒಂದು ಹೆಸರಾ?"

"ಹೋದ ಸಿನಿಮಾದಲ್ಲಿ ಏಳನೇ ಪೋಲೀಸ್ ಆಗಿದ್ದೆ. ಬಡ್ತಿ ಅಲ್ವಾ ಇದು!"

ಕಥೆ ಹೀಗಿತ್ತು. ಮೂವರು ಚಿಲ್ಲರೆ ಕಳ್ಳರು. ಒಡವೆ ಅಂಗಡಿಯ ಮಾಲೀಕ ತನ್ನದೇ ಪಚ್ಚೆಕಲ್ಲಿನ ಕುದುರೆಯನ್ನು ತಾನೇ ಬಚ್ಚಿಟ್ಟು ಇವರ ತಲೆಗೆ ಕಟ್ಟುತ್ತಾನೆ. ಪಾಪ, ಕದಿಯದ ಒಂದೇ ಒಂದು ವಸ್ತುವಿಗಾಗಿ ಊರಿನ ಪೋಲೀಸರೆಲ್ಲ ಇವರ ಬೆನ್ನು ಹತ್ತುತ್ತಾರೆ. ಇಬ್ಬರು ಕಳ್ಳರು ಕೊನೆಯವರೆಗೂ ಒದೆಯುತ್ತ, ಒದೆಸಿಕೊಳ್ಳುತ್ತ ಓಡುತ್ತಾರೆ.

"ಮತ್ತೆ ನೀನು?"

"ನಾನು ಮೊದಲೇ ಛಾವಣಿಯಿಂದ ಬಿದ್ದು ಸಾಯ್ತೀನಿ. ಆಮೇಲೆ ಪೂರ್ತಿ ಸಿನಿಮಾ ಫೋಟೋ ಆಗಿರ್ತೀನಿ."

ಅಂದರೆ ಒಂದೇ ಕಡೆ ಕದಲದೆ ಕೂತು, ಹೆಂಡತಿ ತಂದಿಟ್ಟ ಊಟವನ್ನು ನೋಡುತ್ತಿರುವ ಪಾತ್ರ! ಮನೆಯಲ್ಲಿ ಇಷ್ಟು ವರ್ಷ ತಾಲೀಮು ಮಾಡಿದ್ದು ಕೊನೆಗೂ ಫಲ ಕೊಟ್ಟಿತ್ತು.

"ಫೋಟೋ ಮುಂದೆ ಊಟ ಇಡೋದು ಯಾರು?"

"ನನ್ನ ಹೆಂಡ್ತಿ. ಅಂದ್ರೆ ನೀನಲ್ಲ. ವಿನ್ಸಿ ಸೆಟೋ."

ವಿನ್ಸಿ ಸೆಟೋ! ಆ ವರ್ಷ ಊರಿನ ಪ್ರತಿ ಬಸ್ಸಿನ ಮೈಮೇಲೂ ಅವಳ ಕೂದಲೇ ಹಾರಾಡುತ್ತಿತ್ತು. ನಾನು ತಲೆಗೆ ಹಾಕುತ್ತಿದ್ದದ್ದೂ ಅವಳು ಹೇಳಿದ ಶ್ಯಾಂಪೂವನ್ನೇ. ಪರವಾಗಿಲ್ಲ, ನನ್ನ ಪಣ ಗಟ್ಟಿ, ಅಂದುಕೊಂಡೆ.

ಆಮೇಲೆ ದಿನಾ ಊಟದ ಹೊತ್ತಿಗೆ ವರದಿ ಶುರುವಾಯಿತು.

"ಇವತ್ತು ಗ್ಲಿಸರಿನ್ ಇಲ್ದೇನೇ ಅತ್ತಳು!"

"ಇವತ್ತು ನನ್ನ ಫೋಟೋದ ಗಾಜನ್ನ ತನ್ನ ಅಂಗಿ ತೋಳಿನಿಂದ ಒರೆಸಿದಳು!"

"ಫೋಟೋಗೆ ಕೆಲಸ ಇದ್ರೆ ಸಾಕಲ್ಲ? ನೀನ್ಯಾಕೆ ದಿನಾ ಹೋಗ್ತೀಯ?" ಎಂದು ಕೇಳಿದೆ.

"ಅವಳಿಗೆ ಭಾವನೆ ಬರ್ಬೇಕಲ್ಲ ಮುದುಕೀ! ಸೂಪ್ ಇಡೋ ಮುಂಚೆ ಊದಿ ಊದಿ ಆರಿಸ್ತಾಳೆ, ಗೊತ್ತಾ? ಫೋಟೋದ ಬಾಯಿ ಸುಡಬಾರದು ಅಂತ!"

ಆಗ ನನ್ನ ಕೈಯಲ್ಲಿ ಸೂಪಿನ ಸೌಟಿತ್ತು. ಗಾರ್ಮೆಂಟ್ ಕಾರ್ಖಾನೆಯಿಂದ ತಂದ ಅಂಗಿಗಳಿಗೆ ಗುಂಡಿ ಹೊಲಿಯುತ್ತ, ಮಧ್ಯೆ ಮಧ್ಯೆ ಎದ್ದು ಉರಿ ತಗ್ಗಿಸುತ್ತ, ತಾವರೆ ಗೆಡ್ಡೆ, ಹಂದಿ ಮೂಳೆ ಹಾಕಿ ಮಧ್ಯಾಹ್ನವೆಲ್ಲ ಕುದಿಸಿದ ಸೂಪು. ಅವನು ಅದನ್ನು ಸೊರ್ರೆಂದು ಎಳೆದುಕೊಂಡು, ಬಟ್ಟಲು ಮುಂದೆ ಚಾಚಿ, "ಇನ್ನೊಂದು ಸ್ವಲ್ಪ," ಎಂದ. ಊದುವವಳು ಅವಳು, ತುಂಬಿಸುವವಳು ನಾನು!

ಮರುದಿನ ಬೆಳಿಗ್ಗೆ ಫ್ಲಾಸ್ಕಿಗೆ ಸೂಪು ಸುರಿದುಕೊಂಡು ಸ್ಟುಡಿಯೋಗೆ ಹೊರಟೆ. ಹೊಟ್ಟೆಕಿಚ್ಚಲ್ಲ, ನೋಡಿ. ಬರೀ ಕುತೂಹಲ. ಸತ್ತವನಿಗೆ ವಾರಸುದಾರಳೊಬ್ಬಳಿದ್ದಾಳೆ ಎಂದು ನಾಲ್ಕು ಜನಕ್ಕೆ ಗೊತ್ತಾಗಲಿ ಎಂಬ ಸಣ್ಣ ಆಸೆ.

ಒಳಗೆ ಬಡ ಕಳ್ಳನ ಮನೆ ಕಟ್ಟಿದ್ದರು. ನಮ್ಮ ಮನೆಯ ಎರಡರಷ್ಟಿತ್ತು! ಮೇಜಿನ ಮೇಲೆ ಕಪ್ಪು ರಿಬ್ಬನ್ ಕಟ್ಟಿದ ಫೋಟೋ, ಕಿತ್ತಳೆ, ಊದುಬತ್ತಿ. ಕ್ಯಾಮೆರಾದ ಪಕ್ಕ ಒಂದು ಡಬ್ಬದ ಮೇಲೆ ಮಾನ್‌ಫೈ ಕೂತು, ಮೊಟ್ಟೆ ಕಜ್ಜಾಯ ತಿನ್ನುತ್ತ, ತನ್ನ ಸೂತಕವನ್ನು ತಾನೇ ಕಣ್ತುಂಬ ನೋಡುತ್ತಿದ್ದ. ನಾನು ಬಂದು ಹಿಂದೆ ನಿಂತದ್ದು ಅವನಿಗೆ ಗೊತ್ತೇ ಆಗಲಿಲ್ಲ.

ಅಷ್ಟರಲ್ಲಿ ಸೆಟ್ಟಿನ ಸಾಮಾನು ನೋಡಿಕೊಳ್ಳುವವನು ಓಡಿಬಂದ. "ಅಕ್ಕಾ, ಫ್ಲಾಸ್ಕಲ್ಲಿ ಬಿಸಿ ಸೂಪಾ? ದೇವರು ಕಳಿಸಿದ ಹಾಗೆ ಬಂದ್ರಿ! ನಮ್ಮ ಬಣ್ಣದ ನೀರಲ್ಲಿ ಹಬೆಯೇ ಬರ್ತಿಲ್ಲ, ಡೈರೆಕ್ಟರ್ ಬೈತಿದಾರೆ," ಎಂದು ನನ್ನ ಕೈಯಿಂದಲೇ ಕಿತ್ತುಕೊಂಡು ಹೋದ.

ನನ್ನ ಸೂಪು! ನನ್ನ ಕಣ್ಣೆದುರಿಗೇ ಅದು ವಿನ್ಸಿ ಸೆಟೋಳ ಕೈಗೆ ಹೋಯಿತು. ಅವಳು ಬಟ್ಟಲೆತ್ತಿ ಊದಿದಳು. ಫೋಟೋ ಮುಂದಿಟ್ಟು, "ನೀವಿಲ್ಲದೆ ಈ ಮನೆ ಎಷ್ಟು ಖಾಲಿ!" ಎಂದು ಬಿಕ್ಕಿದಳು. ನಮ್ಮ ಮನೆಯಲ್ಲಿ ಇವನಿಲ್ಲದಿದ್ದರೆ ಒಂದು ಹೊಲಿಗೆ ಯಂತ್ರ ಇಡಬಹುದಿತ್ತು ಎಂದು ನಾನು ಲೆಕ್ಕ ಹಾಕುತ್ತಿರುವಾಗ, ಮಾನ್‌ಫೈ ಪಕ್ಕದವನ ಪಕ್ಕೆ ತಿವಿದು ಪಿಸುಗುಟ್ಟಿದ: "ಆಹಾ, ವಾಸನೆ ನೋಡೋ! ಇಂಥ ಸೂಪನ್ನ ಯಾರಪ್ಪಾ ಮಾಡಿದ್ದು?"

ಊಟಕ್ಕೆ ಬಿಟ್ಟರು. ಎಲ್ಲರೂ ಅನ್ನದ ಡಬ್ಬಿಗಳ ಕಡೆ ಓಡಿದರು. ಮೇಜಿನ ಮೇಲೆ ಫೋಟೋ ಒಂದೇ ಉಳಿಯಿತು. ಗುಂಡಿ ಹೊಲಿದ ಅಂಗಿಗಳನ್ನು ಹಾಗೇ ಕಾರ್ಖಾನೆಗೆ ಕೊಟ್ಟು ಬರೋಣವೆಂದು ತಂದಿದ್ದ ಕೆಂಪು, ಬಿಳಿ, ನೀಲಿ ಪಟ್ಟೆಯ ಚೀಲ ನನ್ನ ಹೆಗಲಲ್ಲಿತ್ತು. ಗಂಡ ನನ್ನವನು, ಮುಖ ಅವನದು. ಇದನ್ನು ಕಳ್ಳತನ ಅಂತ ಹೇಗನ್ನುವುದು? ಚೀಲದೊಳಕ್ಕೆ ಇಳಿಸಿದೆ, ಮಿನಿಬಸ್ ಹತ್ತಿದೆ.

ಮನೆಗೆ ಬಂದ ಮೇಲೆ ಮೈ ಜುಮ್ಮೆಂದಿತು. ಬದುಕಿರುವವನ ಸೂತಕದ ಫೋಟೋವನ್ನು ಮನೆಗೆ ಯಾರಾದರೂ ತರುತ್ತಾರೆಯೇ? ಅದಕ್ಕೆ ಪೋಸು ಕೊಟ್ಟ ನಟನಿಗೆ ಕೆಂಪು ಲಕೋಟೆಯಲ್ಲಿ ದುಡ್ಡು ಕೊಡುತ್ತಾರೆ. ಅಪಶಕುನ ಹೊಸಿಲು ದಾಟಬಾರದೆಂದು ಅವನು ಅದನ್ನು ದಾರಿಯಲ್ಲೇ ಖರ್ಚು ಮಾಡಿಬರಬೇಕು. ಶೂಟಿಂಗ್ ಮುಗಿದೊಡನೆ ಫೋಟೋವನ್ನೂ ನೆಗೆಟಿವನ್ನೂ ಸುಡಬೇಕು. ನಾನೋ, ಅಪಶಕುನವನ್ನು ಹೆಗಲ ಮೇಲೆ ಹೊತ್ತು ತಂದಿದ್ದೆ! ಮನೆಯೊಳಕ್ಕೆ ನೋಡದಿರಲಿ ಎಂದು ಫೋಟೋದ ಮುಖವನ್ನು ಹೊರಗೆ ಮಾಡಿ ಅಡುಗೆಮನೆಯ ಕಿಟಕಿಯಲ್ಲಿಟ್ಟೆ. ದೋಷ ಹೋಗಲಿ ಎಂದು ಪಕ್ಕದಲ್ಲಿ ಎರಡು ಕಿತ್ತಳೆ, ಮೂರು ಊದುಬತ್ತಿ. ಆಮೇಲೆ ಈರುಳ್ಳಿ ಹೆಚ್ಚಲು ಕೂತು, ಫೋಟೋದ ಬೆನ್ನಿಗೆ ಬೈಯಲು ಶುರುಮಾಡಿದೆ. ಬೆನ್ನು ನೋಡಿಕೊಂಡು ಮಾತಾಡಿ ನನಗೆ ಅಭ್ಯಾಸವೇ. ಆದರೆ ಎದ್ದು ಹೋಗದೆ ಪೂರ್ತಿ ಕೇಳಿಸಿಕೊಂಡದ್ದು ಅವತ್ತೇ ಮೊದಲು!

ನಮ್ಮ ಕಿಟಕಿಗೆ ಎದುರಾಗಿ, ಕೈ ಚಾಚಿದರೆ ಸಿಗುವಷ್ಟು ಹತ್ತಿರ, ಪೂನ್ ಅಕ್ಕನ ಕಿಟಕಿ. ಅವಳು ಬಟ್ಟೆ ಒಣಹಾಕಲು ಬಿದಿರು ಗಳು ಹೊರಚಾಚಿದಳು. ರಿಬ್ಬನ್ ಕಟ್ಟಿದ ಮಾನ್‌ಫೈ. ಊದುಬತ್ತಿ. ಹಿಂದೆ ಧಾರಾಕಾರ ಕಣ್ಣೀರಿನ ನಾನು.

ಸ್ವಲ್ಪ ಹೊತ್ತಿಗೆ ಬಾಗಿಲ ಕಬ್ಬಿಣದ ಗೇಟು ಗಡಗಡ ಎಂದಿತು. ಸಾವಿನ ಮನೆಗೆ ದುಡ್ಡು ಹಾಕಿ ಕೊಡುವ ಬಿಳಿ ಲಕೋಟೆಗಳನ್ನು ಕೈಯಲ್ಲಿ ಹಿಡಿದು ಮಹಡಿಯ ಹೆಂಗಸರೆಲ್ಲ ನಿಂತಿದ್ದರು. ಮುಂದೆ ಪೂನ್ ಅಕ್ಕ.

"ಅಯ್ಯೋ ಯುಕ್‌ಪಿಂಗ್! ಕೊನೆಗೂ ಬಿದ್ದೇ ಬಿಟ್ನಾ? ಎಲ್ಲಿಂದ ಬಿದ್ದ?"

ಸತ್ತಿಲ್ಲ ಎಂದರೆ ಫೋಟೋ ಎಲ್ಲಿಂದ ಬಂತು ಎಂದು ಹೇಳಬೇಕು. ಕದ್ದೆ ಎಂದರೆ ಯಾಕೆ ಎಂದು ಹೇಳಬೇಕು. ಹೊಟ್ಟೆಕಿಚ್ಚು ಬಿಡಿ ಎಂದು ಬುದ್ಧಿ ಹೇಳಿದ್ದೆಲ್ಲ ಇದೇ ಹೆಂಗಸರಿಗೆ!

"ಮೇಲಿಂದ," ಎಂದೆ.

ಅವರೆಲ್ಲ ಗೊಳೋ ಎನ್ನುತ್ತ ಒಳಕ್ಕೆ ಬಂದರು. "ಎಂಥಾ ಒಳ್ಳೆಯವನಾಗಿದ್ದ! ಲಿಫ್ಟಿನಲ್ಲಿ ಯಾವಾಗ್ಲೂ ನನಗೆ ಬಟನ್ ಒತ್ತಿ ಕೊಡ್ತಿದ್ದ!" ಎಂದು ಪೂನ್ ಅಕ್ಕ ಕಣ್ಣೊರೆಸಿಕೊಂಡಳು.

ನನಗೆ ಮತ್ತೆ ಉರಿಯಿತು. ಇವಳಿಗೂ ಒಂದು ಪಾಲೇ? "ಹೌದಾ? ರೈಸ್ ಕುಕ್ಕರಿನ ಬಟನ್ ಎಲ್ಲಿದೆ ಅಂತ ಮಾತ್ರ ಅವನಿಗೆ ಇವತ್ತಿನವರೆಗೂ ಗೊತ್ತಿಲ್ಲ!"

"ದುಃಖದಲ್ಲಿ ಏನೇನೋ ಮಾತಾಡ್ತಾಳೆ. ಮಾತಾಡ್ಲಿ ಬಿಡಿ, ಹಗುರಾಗ್ಲಿ," ಎಂದಳು ಇನ್ನೊಬ್ಬಳು.

ಅಪ್ಪಣೆ ಸಿಕ್ಕಿತಲ್ಲ! ಹೆಂಡತಿಯಾಗಿದ್ದಾಗ ಇಲ್ಲದ ಸ್ವಾತಂತ್ರ್ಯ ವಿಧವೆಯಾದ ಕೂಡಲೇ ಬಂದುಬಿಟ್ಟಿತು. ಫೋಟೋವನ್ನು ನನ್ನ ಕಡೆ ತಿರುಗಿಸಿಕೊಂಡೆ. ಸೊಂಟಕ್ಕೆ ಕೈ ಒರೆಸಿಕೊಂಡು ಶುರುಮಾಡಿದೆ. ಒದ್ದೆ ಟವೆಲ್ಲನ್ನು ಹಾಸಿಗೆ ಮೇಲೆ ಎಸೆದದ್ದು, ಊದಿದ ಮೊಣಕಾಲನ್ನು ನನ್ನಿಂದ ಬಚ್ಚಿಟ್ಟದ್ದು, ಫೋನು ಹೊಡೆದುಕೊಂಡಾಗಲೆಲ್ಲ ಆಸ್ಪತ್ರೆಯೋ ಏನೋ ಎಂದು ನನ್ನ ಎದೆ ಹೊಡೆದುಕೊಂಡದ್ದು. "ಬಿದ್ದಾಗೆಲ್ಲ ಎತ್ತಿ ಎಣ್ಣೆ ಹಚ್ಚಿದ್ದು ನಾನು. ಈ ಸಲ ಯಾರನ್ನ ಕೇಳಿ ಬಿದ್ದೆಯೋ?" ಎಂದು ಕೇಳುವಾಗ, ಯಾಕೋ, ಈರುಳ್ಳಿ ಇಲ್ಲದೆಯೂ ಕಣ್ಣೊರೆಸಿಕೊಳ್ಳಬೇಕಾಯಿತು.

ಆಗ ಗೇಟಿನ ಬಳಿ ಬಿಳಿ ಸೂತಕದ ಬಟ್ಟೆ ಉಟ್ಟು, ತಲೆಗೆ ಗೋಣಿಯಂಥ ಮುಸುಕು ಹಾಕಿದ ಹೆಂಗಸೊಬ್ಬಳು ಎಷ್ಟು ಹೊತ್ತಿನಿಂದಲೋ ನನ್ನ ಬೈಗುಳ ಕೇಳುತ್ತ ಕದಲದೆ ನಿಂತಿರುವುದು ಕಾಣಿಸಿತು.

"ನೀನು ಯಾರಮ್ಮಾ?" ಎಂದಳು ಪೂನ್ ಅಕ್ಕ.

ಅವಳು ಯಾವ ಧ್ಯಾನದಲ್ಲಿದ್ದಳೋ. "ಈ ಫೋಟೋದವರ ಹೆಂಡತಿ," ಎಂದುಬಿಟ್ಟಳು.

"ಎರಡನೇ ಸಂಸಾರ!" ಎಂದು ಇಡೀ ಮಹಡಿ ಚೀರಿತು. ಬಣ್ಣ ಬಳಿಯದ, ಕೂದಲು ಹಾರಿಸದ ವಿನ್ಸಿ ಸೆಟೋಳನ್ನು ನನ್ನೊಬ್ಬಳ ಹೊರತು ಯಾರೂ ಗುರುತಿಸಲಿಲ್ಲ. ಪೂನ್ ಅಕ್ಕ ಬಿದಿರು ಗಳು ತರಲು ಓಡಿದಳು. ಅವಳು ಗಳು ಹಿಡಿದು ಬರುವುದಕ್ಕೂ, ಮಾನ್‌ಫೈ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ, "ಮುದುಕೀ, ನನ್ನ ಫೋಟೋ ಎಲ್ಲೇ?" ಎನ್ನುತ್ತ ಎದುರಾಗುವುದಕ್ಕೂ ಸರಿಹೋಯಿತು.

"ದೆವ್ವ!" ಎಂದು ಪೂನ್ ಅಕ್ಕ ಬೀಸಿದಳು. ಏಟು ತಾಗಿತೋ ಇಲ್ಲವೋ, ಕಸುಬಿನ ಅಭ್ಯಾಸ, ಮಾನ್‌ಫೈ ಗಾಳಿಯಲ್ಲಿ ಒಂದು ಸುತ್ತು ಸುತ್ತಿ, ಕಾರಿಡಾರಿನ ಹೂಕುಂಡಗಳನ್ನೆಲ್ಲ ಉರುಳಿಸಿಕೊಂಡು ಹೋಗಿ ಅಂಗಾತ ಬಿದ್ದ. ಬಿದ್ದಲ್ಲಿಂದಲೇ ಕೇಳಿದ: "ಸರಿಯಾಯ್ತಾ? ಇನ್ನೊಂದು ಸಲ ಬೀಳ್ಲಾ?"

ದೆವ್ವಗಳು ಹೀಗೆ ಕೇಳುವುದಿಲ್ಲ. ಎಲ್ಲರ ಕಣ್ಣೂ ನನ್ನ ಕಡೆ ತಿರುಗಿತು.

ಆಗಬೇಕಾದ ಮರ್ಯಾದೆಯೆಲ್ಲ ಆಯಿತು. ಹೆಂಗಸರು ಲಕೋಟೆಗಳನ್ನು ವಾಪಸ್ಸು ಕಿತ್ತುಕೊಂಡು ಹೋದರು. ನಾನು ಮಹಾ ದರೋಡೆಕೋರಳು, ಫೋಟೋ ಎತ್ತುವ ಗಡಿಬಿಡಿಯಲ್ಲಿ ಮನೆ ನಂಬರ್ ಬರೆದ ಫ್ಲಾಸ್ಕನ್ನು ಅಲ್ಲೇ ಬಿಟ್ಟು ಬಂದಿದ್ದೆನಂತೆ! ಅದನ್ನು ನೋಡಿಯೇ ಇಬ್ಬರೂ ಹೊರಟು ಬಂದದ್ದು, ಅವಳು ಲಿಫ್ಟಿನಲ್ಲಿ, ಇವನು ಮೆಟ್ಟಿಲಲ್ಲಿ.

"ಡೈರೆಕ್ಟರು ಇಬ್ಬರು ಕಳ್ಳರ ಜೇಬು ತಡಕಿ ಬೈದ್ರು. 'ಸಿನಿಮಾದಲ್ಲೂ ನಾವು ಕದೀಲಿಲ್ಲ, ಹೊರಗೂ ಕದೀಲಿಲ್ಲ' ಅಂತ ಪಾಪ ಅವರು ಅಳ್ತಾ ಕೂತಿದ್ರು," ಎಂದ ಮಾನ್‌ಫೈ. ನಾನು ಎಣ್ಣೆ ತಿಕ್ಕುತ್ತಿದ್ದೆ. "ಇನ್ನೊಂದು ಫೋಟೋ ತೆಗೆಸೋಣ ಅಂದ್ರು. ಎರಡೆರಡು ಸಲ ಸಾಯಲ್ಲ ಅಂದೆ. ಮಿಸ್ ಸೆಟೋ, ಇವಳದು ಬರೀ ಹೊಟ್ಟೆಕಿಚ್ಚು, ತಪ್ಪು ತಿಳ್ಕೋಬೇಡಿ."

ವಿನ್ಸಿ ಸೆಟೋ ನಮ್ಮ ಮನೆಯ ಒಂದೇ ಸ್ಟೂಲಿನ ಮೇಲೆ ಕೂತು, ಮಿಕ್ಕ ಸೂಪನ್ನು ಒಂದು ತೊಟ್ಟೂ ಬಿಡದೆ ಕುಡಿದಳು. "ಅಕ್ಕಾ, ನಾನು ಎಷ್ಟು ದಿನದಿಂದ ಅಳ್ತಾ ಇದೀನಿ. ಡೈರೆಕ್ಟರಿಗೆ ಒಂದೂ ಹಿಡಿಸಿಲ್ಲ. ಆ ರೈಸ್ ಕುಕ್ಕರ್ ಮಾತು ಇನ್ನೊಂದು ಸಲ ಹೇಳ್ತೀರಾ?"

ನನ್ನ ಮಾತನ್ನು ಇನ್ನೊಂದು ಸಲ ಕೇಳಬೇಕು ಎಂದವರು ಈ ಜನ್ಮದಲ್ಲಿ ಅವಳೊಬ್ಬಳೇ! ಹೇಳಿದೆ. ಟವೆಲ್ಲಿನದನ್ನೂ ಹೇಳಿದೆ. ಕೇಳದೆ ಇದ್ದದ್ದನ್ನೂ ಹೇಳಿದೆ. ಅವಳು ನನ್ನ ಕೈಗಳನ್ನೇ ನೋಡುತ್ತಿದ್ದಳು. ಹೋಗುವಾಗ ಫೋಟೋ ತೆಗೆದುಕೊಂಡು, ನನ್ನ ತಬ್ಬಿಕೊಂಡು ಹೋದಳು. ನನ್ನ ಹೊಟ್ಟೆಕಿಚ್ಚು ಅಲ್ಲಿಗೆ ಆರಿಹೋಯಿತು. ಎಂಥಾ ಹುಡುಗಿ ಎಂದು ಆರು ತಿಂಗಳು ಹೊಗಳಿದೆ.

ಸಿನಿಮಾ ಬಂತು. ನಾನೇ ಮುಂದೆ ನಿಂತು ಇಡೀ ಮಹಡಿಯನ್ನು ಮ್ಯಾಟಿನಿಗೆ ಕರೆದುಕೊಂಡು ಹೋದೆ. ಎಡಕ್ಕೆ ಪೂನ್ ಅಕ್ಕ, ಬಲಕ್ಕೆ ಮಾನ್‌ಫೈ. ಛಾವಣಿಯಿಂದ ಮೂರನೇ ಕಳ್ಳ ಬಿದ್ದ, ಫೋಟೋ ಬಂತು, ವಿಧವೆ ಬಂದಳು. ಅಳಲಿಲ್ಲ! ಸೂಪಿನ ಬಟ್ಟಲನ್ನು ಫೋಟೋ ಮುಂದೆ ದಪ್ಪೆಂದು ಕುಕ್ಕಿ, ಸೊಂಟಕ್ಕೆ ಕೈ ಒರೆಸಿಕೊಂಡು ಬೈಯಲು ಶುರುಮಾಡಿದಳು. ನನ್ನ ರೈಸ್ ಕುಕ್ಕರ್! ನನ್ನ ಒದ್ದೆ ಟವೆಲ್! ಒಂದಕ್ಷರವೂ ಆಚೀಚೆ ಇಲ್ಲ. ಥಿಯೇಟರು ಬಿದ್ದು ಬಿದ್ದು ನಕ್ಕಿತು. "ಈ ಸಲ ಯಾರನ್ನ ಕೇಳಿ ಬಿದ್ದೆಯೋ?" ಎಂದಾಗ ಅದೇ ಥಿಯೇಟರು ಮೂಗು ಸೀಟಿಕೊಂಡಿತು.

ನಾನು ಬೆನ್ನು ನೆಟ್ಟಗೆ ಮಾಡಿ ಕೂತೆ. ಈಗ ಎಲ್ಲರೂ ನನ್ನ ಕಡೆ ತಿರುಗುತ್ತಾರೆ.

ಪೂನ್ ಅಕ್ಕ ತಿರುಗಿದಳು. "ನೋಡಿದ್ಯಾ ಯುಕ್‌ಪಿಂಗ್? ಬೈಯೋಕೂ ಪ್ರತಿಭೆ ಬೇಕು ಕಣೇ. ನಾವೂ ಇದೀವಿ, ದಂಡಕ್ಕೆ!"

ಹೋಗಲಿ, ಅವಳು ಕೇಳಿದ್ದು ಅವತ್ತು ಒಂದೇ ಸಲ, ಅದೂ ಅಳುತ್ತ. ಆದರೆ ಇಷ್ಟು ವರ್ಷ ಇದನ್ನೇ ದಿನಾ ಕೇಳಿದವನು ಬಲಕ್ಕಿದ್ದಾನಲ್ಲ? ಮೆಲ್ಲಗೆ ಆ ಕಡೆ ನೋಡಿದೆ. ಮಾನ್‌ಫೈಯ ಎರಡೂ ಕೆನ್ನೆ ಒದ್ದೆಯಾಗಿತ್ತು. ಕತ್ತಲಲ್ಲಿ ತಡಕಾಡಿ ನನ್ನ ಕೈ ಹಿಡಿದುಕೊಂಡ. ನನ್ನ ಎದೆ ತುಂಬಿಬಂತು.

"ಮುದುಕೀ," ಎಂದ ಗದ್ಗದಿತನಾಗಿ, "ಹೆಂಡ್ತಿ ಅಂದ್ರೆ ಹಿಂಗಿರಬೇಕು!"