ನಲವತ್ತೊಂದನೆಯ ಷರತ್ತು

ತಾನೊಂದು ಬಗೆದರೆ ಹೆಂಡತಿಯೊಂದು ಬರೆದಿಟ್ಟಿರುತ್ತಾಳೆ. ವೇದ ಸುಳ್ಳಾದರೂ ಗಾದೆ ಸುಳ್ಳಾಗದಂತೆ. ಗಾದೆಯನ್ನು ನಾನು ಕೆಡಿಸಿದ್ದೇನೆ, ಕತೆ ಮಾತ್ರ ನಿಜ.

ಆ ಕಾಲೇಜಿನ ಗ್ರಂಥಪಾಲಕರಿಗೆ ಎಲ್ಲರೂ ಇಟ್ಟ ಹೆಸರು ‘ಶ್ಶ್ ಸಾರ್’. ಸೊಳ್ಳೆ ಗುಂಯ್ ಎಂದರೂ ಅವರ ತೋರುಬೆರಳು ತುಟಿಗೆ ಹೋಗುತ್ತಿತ್ತು. ಅವರ ಹೆಂಡತಿ ಅಲ್ಲೇ ಇಪ್ಪತ್ತೆಂಟು ವರ್ಷ ಕೂತು ಪ್ರತಿ ಪುಸ್ತಕಕ್ಕೂ ಕಾರ್ಡು ಬರೆದವರು. ಮುಂದೆ ಶಾಯಿಯಲ್ಲಿ ಪುಸ್ತಕದ ವಿವರ. ಹಿಂದೆ, ಮನಸ್ಸು ಬಂದಾಗ, ಪೆನ್ಸಿಲಿನಲ್ಲಿ ತಲೆಹರಟೆ. ‘ಕೊಲೆಗಾರ ಮೂರನೇ ಪುಟದಲ್ಲೇ ಸಿಕ್ಕಿಬೀಳ್ತಾನೆ.’ ‘ರೀ, ಸಕ್ಕರೆ ಮುಗಿದಿದೆ.’

ಆಕೆ ತೀರಿಕೊಂಡ ಮೇಲೆ ಶ್ಶ್ ಸಾರ್ ದಿನಾ ಬೆಳಿಗ್ಗೆ ಡ್ರಾಯರ್ ಎಳೆದು, ಒಂದು ಪೆನ್ಸಿಲ್ ಸಾಲು ಸಿಗುವವರೆಗೆ ಕಾರ್ಡು ಮಗುಚುತ್ತಿದ್ದರು. ಸಿಕ್ಕಿತೋ, ಅಲ್ಲಿಗೆ ನಿಲ್ಲಿಸುತ್ತಿದ್ದರು. ನಾಳೆಗೆ ಇರಲಿ ಎಂಬ ಜಿಪುಣತನ. ಎರಡು ವರ್ಷದಲ್ಲಿ ‘ಅ’ದಿಂದ ‘ಕ’ದವರೆಗೆ ಬಂದಿದ್ದರು.

ಆ ದಿನ ಪ್ರಿನ್ಸಿಪಾಲರು ಬಂದವರೇ ಬಾಂಬು ಹಾಕಿದರು. “ಏನ್ರೀ, ಇವತ್ತು ಮೂರು ಕಂಪನಿಯವರು ಬರ್ತಾರೆ. ಯಾರ ಸಾಫ್ಟ್‌ವೇರ್ ನಿಮ್ಮ ಷರತ್ತಿಗೆಲ್ಲ ಒಪ್ಪುತ್ತೋ ಅವರು ಸಂಜೆನೇ ಈ ಕಾರ್ಡು ಟೈಪಿಂಗಿಗೆ ಹೊತ್ಕೊಂಡು ಹೋಗ್ಲಿ. ಆಮೇಲೆ ಗುಜರಿ. ಯಾರೂ ಒಪ್ಪದಿದ್ರೆ ಹಳೇದೇ ಇರ್ಲಿ.”

ಷರತ್ತಿನ ಪಟ್ಟಿ ಬರೆದವರು ಶ್ಶ್ ಸಾರೇ. ಆ ಪಟ್ಟಿಯೇ ಅವರ ಕೋಟೆ. ಮುಳ್ಳುಬೇಲಿಯಂಥ ನಲವತ್ತೊಂದು ಷರತ್ತು!

ಮೊದಲ ಕಂಪನಿ ಅಕ್ಷರಕ್ರಮದಲ್ಲೇ ಮುಗ್ಗರಿಸಿತು. ಒತ್ತಕ್ಷರವಿದ್ದ ಹೆಸರುಗಳನ್ನೆಲ್ಲ ಗಲಾಟೆ ಹುಡುಗರಂತೆ ಕೊನೆಯ ಬೆಂಚಿಗೆ ತಳ್ಳಿತು. ಎರಡನೆಯದಕ್ಕೆ ಅಡ್ಡಬಂದದ್ದು ಹದಿನೇಳನೆಯ ಷರತ್ತು: ಕರೆಂಟು ಹೋದರೂ ದಾಖಲೆ ಹೋಗಕೂಡದು. ಲೈಬ್ರರಿಯ ಗುಮಾಸ್ತ ಮೆಲ್ಲಗೆ ಕಾಲಿನಿಂದ ಪ್ಲಗ್ ಎಳೆದ. ದಾಖಲೆ ಹೋಯಿತು. ಈ ಗುಮಾಸ್ತನ ಅಡ್ಡಹೆಸರು ಗಿಳಿ. ಯಾರ ದನಿಯನ್ನಾದರೂ ಹಾಗೆಯೇ ಅನುಕರಿಸುತ್ತಿದ್ದ. ತೀರಿಕೊಂಡ ಮೇಡಂ, ಅಂದರೆ ಶ್ಶ್ ಸಾರ್ ಹೆಂಡತಿಯ ದನಿಯನ್ನು ಮಾತ್ರ ಎರಡು ವರ್ಷದಿಂದ ಬಾಯಿಗೆ ತಂದಿರಲಿಲ್ಲ.

ಮೂರನೆಯ ಕಂಪನಿಯಿಂದ ಬಂದವಳು ಒಬ್ಬಳು ತಣ್ಣನೆಯ ಹುಡುಗಿ.

“ಬೇರೆ ಲೈಬ್ರರಿ ಜೊತೆ ದಾಖಲೆ ಬದಲಾಯಿಸ್ಕೊಳ್ಳೋ ನಮೂನೆ?” ಶ್ಶ್ ಸಾರ್ ಕೇಳಿದರು.

“ಇದೆ ಸಾರ್.”

“ನಾಳೆ ನಿಮ್ಮ ಕಂಪನಿ ಮುಚ್ಚಿದ್ರೆ ನಮ್ಮ ದಾಖಲೆ?”

“ಪೂರ್ತಿ ವಾಪಸ್ ತಗೋಬಹುದು ಸಾರ್.”

ನಲವತ್ತು ಷರತ್ತೂ ಉರುಳಿದವು. ಶ್ಶ್ ಸಾರ್ ಒಣಗಿದ ತುಟಿ ಒದ್ದೆ ಮಾಡಿಕೊಂಡರು. “ನಲವತ್ತೊಂದು. ಕಾರ್ಡಿನ ಹಿಂದೆ ಪೆನ್ಸಿಲಲ್ಲಿ ಗೀಚಿರೋದೂ ಒಳಗೆ ಬರ್ಬೇಕು. ಒಂದಕ್ಷರ ಬಿಡೋ ಹಾಗಿಲ್ಲ.”

“ಟಿಪ್ಪಣಿಗೆ ಅಂತಲೇ ಖಾನೆ ಇದೆ ಸಾರ್. ಎಷ್ಟು ಬೇಕಾದ್ರೂ ಹಾಕಿ. ಒಂದು ಕಾರ್ಡು ತೋರಿಸ್ಲಾ?”

ಅವರು ಬೇಡವೆನ್ನುವಷ್ಟರಲ್ಲಿ ಆಕೆ ‘ಗ’ ಡ್ರಾಯರ್ ಎಳೆದು, ತನ್ನ ಕಸುಬಿನದೇ ಪುಸ್ತಕ ಕಂಡು ಖುಷಿಯಾಗಿ ಆ ಕಾರ್ಡು ತೆಗೆದಳು: ‘ಗ್ರಂಥಾಲಯ ಗಣಕೀಕರಣ’. ಹಿಂದೆ ಇರುವೆಸಾಲಿನಂಥ ಪೆನ್ಸಿಲ್ ಬರಹ.

“ಓದೋಕಾಗ್ತಿಲ್ಲ, ನೀವೇ ಓದಿ,” ಎಂದು ಗಿಳಿಗೆ ಕೊಟ್ಟಳು.

ಓದತೊಡಗಿದ ಗಿಳಿಗೆ ಗೊತ್ತೇ ಆಗಲಿಲ್ಲ, ಬಾಯಿಂದ ಬಂದದ್ದು ಮೇಡಂ ದನಿ:

“ರೀ, ಈ ಕಾರ್ಡು ಆಚೆ ಬಂತು ಅಂದ್ರೆ ಕಂಪ್ಯೂಟರ್ ಬಂತು ಅಂತ ಅರ್ಥ. ನೀವು ಅಡ್ಡಗಾಲು ಹಾಕಿ ನಲವತ್ತು ಷರತ್ತು ಬರೀತೀರ, ನಂಗೊತ್ತು. ಬೇಡ. ಬರೆದು ಬರೆದು ನನ್ನ ಬೆರಳು ಸೊಟ್ಟಗಾಗಿದೆ. ಮೊದಲು ಈ ಕಾರ್ಡಿನ ಪೆಟ್ಟಿಗೆ ಆಚೆ ಹಾಕ್ಸಿ.”

ಪ್ರಿನ್ಸಿಪಾಲರು ಕಿಟಕಿ ನೋಡಿದರು. ಗಿಳಿ ತನ್ನ ಬಾಯಿಗೆ ತಾನೇ ಕೈ ಅಡ್ಡ ಹಿಡಿದ.

ಆಗ ‘ಮೌನ’ ಎಂಬ ಫಲಕದ ಕೆಳಗಿನಿಂದಲೇ ನಗು ಎದ್ದಿತು. ಕಪಾಟಿನ ಗಾಜು ಅದುರುವಂಥ ನಗು. “ನಲವತ್ತೊಂದು ಕಣೇ!” ಎಂದು ಶ್ಶ್ ಸಾರ್ ಮೇಜು ಗುದ್ದಿದರು. “ಒಂದು ಲೆಕ್ಕ ತಪ್ಪಿದೆ ನೀನು!”

ಸಂಜೆ ಕಂಪನಿಯ ವ್ಯಾನು ಬಂದಾಗಲೂ ಅವರ ನಗು ನಿಂತಿರಲಿಲ್ಲ. ಕಣ್ಣೊರೆಸಿಕೊಳ್ಳಲು ಎರಡೂ ಕೈ ಬೇಕಾದ್ದರಿಂದ, ವ್ಯಾನಿನವನ ಜೊತೆ ಪೆಟ್ಟಿಗೆಯ ಇನ್ನೊಂದು ತುದಿ ಹಿಡಿಯಲು ಗಿಳಿಯೇ ಬರಬೇಕಾಯಿತು.