ತಾರಸಿ ಹುಲ್ಲು

ಡ್ರಾಯಿಂಗ್ ಮೇಷ್ಟ್ರ ಹಿಮ್ಮಡಿ ನೋವಿಗೆ ಡಾಕ್ಟರು ಮಾತ್ರೆ ಬರೆದುಕೊಡಲಿಲ್ಲ. "ದಿನಾ ಬೆಳಿಗ್ಗೆ ಬರಿಗಾಲಲ್ಲಿ ಹುಲ್ಲಿನ ಮೇಲೆ ಅರ್ಧ ಗಂಟೆ ನಡೀರಿ" ಎಂದರು. ಹುಲ್ಲಿದ್ದ ಪಾರ್ಕು ಎರಡು ಮೈಲಿ ದೂರ. ಅಷ್ಟು ದೂರ ನಡೆಯುವ ಹಿಮ್ಮಡಿ ಇದ್ದಿದ್ದರೆ ಡಾಕ್ಟರ ಹತ್ತಿರ ಹೋಗುವ ಅಗತ್ಯವೇ ಇರಲಿಲ್ಲ. ಹಾಗಾಗಿ ಮೇಷ್ಟ್ರು ತಾವಿದ್ದ ಮೂರು ಮಹಡಿ ಕಟ್ಟಡದ ತಾರಸಿಗೇ ಹುಲ್ಲು ಹತ್ತಿಸಿದರು. ನೀರಿನ ಟ್ಯಾಂಕಿನ ಬುಡದವರೆಗೂ ಮಣ್ಣು ಹರಡಿ, ಚಾಪೆ ಹಾಸಿದಂತೆ ಹುಲ್ಲು ಹಾಸಿಸಿದರು.

"ಇಪ್ಪತ್ತೊಂದು ದಿನ ಕಾಲಿಡಬೇಡಿ, ಬೇರು ಹಿಡೀಬೇಕು" ಎಂದಿದ್ದ ನರ್ಸರಿಯವನು. ಮೇಷ್ಟ್ರು ಇಪ್ಪತ್ತೊಂದು ದಿನವೂ ತೊಟ್ಟಿಲಿಗೆ ಇಣುಕುವವರಂತೆ ಇಣುಕಿ ಬಂದರು.

ಇಪ್ಪತ್ತೆರಡನೆಯ ದಿನ ಭಾನುವಾರ. ಚಪ್ಪಲಿ ಬಿಟ್ಟು ಬಲಗಾಲಿಟ್ಟರು. ತಣ್ಣಗಿತ್ತು, ಮೆತ್ತಗಿತ್ತು. ಹನ್ನೊಂದು ವರ್ಷ ಬೋರ್ಡಿನ ಮುಂದೆ ನಿಂತ ನೋವು ಒಂದು ಕ್ಷಣ ವಿಳಾಸ ಮರೆತಂತಾಯಿತು. ಎಡಗಾಲು ಎತ್ತಿದರು.

"ಮೇಷ್ಟ್ರೇ, ಅಲ್ಲೇ ನಿಲ್ಲಿ."

ತಾರಸಿಯ ಕೆಳಗಿನ ಮನೆಯ ಟೈಲರು. ಕೈಯಲ್ಲಿ ಒದ್ದೆ ಕೋಟು.

"ಗಿರಾಕಿ ಕೋಟು ಇದು. ನೀವು ಹುಲ್ಲಿಗೆ ಹಾಕಿದ ನೀರು ನಮ್ಮ ಸೂರಿಂದ ತೊಟ್ಟಿಕ್ತಾ ಇದೆ. ನಾನೇನು ಛತ್ರಿ ಹಿಡ್ಕೊಂಡು ಮೆಷಿನ್ ತುಳೀಲಾ?"

"ನಾನು ಹಾಕೋದು ಎರಡೇ ಬಿಂದಿಗೆ" ಎಂದರು ಮೇಷ್ಟ್ರು, ಕೊಕ್ಕರೆಯಂತೆ ಒಂಟಿಕಾಲಲ್ಲಿ ನಿಂತು.

ಮಾತು ಕೇಳಿ ನಡುಮಹಡಿಯ ನಿವೃತ್ತ ಎಂಜಿನಿಯರು ಬಂದರು. ನಲವತ್ತು ವರ್ಷ ರಸ್ತೆ ಹಾಕಿಸಿದವರು. ಕಟ್ಟಡದಲ್ಲಿ ಅವರ ಮಾತಿಗೆ ಎದುರಿಲ್ಲ. ಕೈಕೋಲಿನಿಂದ ತಾರಸಿಯನ್ನು ಎರಡು ಕಡೆ ಕುಟ್ಟಿ, "ಒದ್ದೆ ಮಣ್ಣಿನ ಭಾರ. ಸಂಜೆಯೊಳಗೆ ತೆಗೀದೆ ಇದ್ರೆ ನಾವೆಲ್ಲ ಕೆಳಗಿನ ಮಹಡೀಲಿ ಒಟ್ಟಿಗೆ ವಾಸ ಮಾಡ್ಬೇಕಾಗತ್ತೆ" ಎಂದರು.

ಅವರ ಹಿಂದೆಯೇ ಅವರ ಅತ್ತಿಗೆ. "ನಿನ್ನೆ ನಮ್ಮ ಅಡುಗೆಮನೇಲಿ ಕಪ್ಪೆ ಇತ್ತು."

"ಕಪ್ಪೆ ಮೆಟ್ಲು ಹತ್ತುತ್ತಾ ಅಮ್ಮಾ?"

"ಹತ್ತಿ ಬರ್ಲಿಲ್ಲ. ಮೇಲಿಂದ ಇಳಿದು ಬಂತು."

ಮೇಷ್ಟ್ರು ಎತ್ತಿದ್ದ ಎಡಗಾಲನ್ನು ಚಪ್ಪಲಿಗೇ ಇಳಿಸಿದರು.

ಆಮೇಲೆ ಹುಲ್ಲನ್ನು ಸುತ್ತಿ, ಮಣ್ಣನ್ನು ಮೂಟೆ ಕಟ್ಟಿ, ಮೂರು ಮಹಡಿ ಇಳಿಸುವ ಕೆಲಸ. ಸಹಾಯಕ್ಕೆ ಬಂದದ್ದು ಬಾಯಿಗಳು, ಕೈಗಳಲ್ಲ. "ಬಗ್ಗಿ ಎತ್ತಬೇಡಿ" ಎಂದರು ಎಂಜಿನಿಯರು. "ಮೆಟ್ಲ ಮೇಲೆ ಮಣ್ಣು ಚೆಲ್ಲಬೇಡಿ" ಎಂದರು ಅತ್ತಿಗೆ. ಮೂವತ್ತನೆಯ ಮೂಟೆಯ ಹೊತ್ತಿಗೆ ಮೇಷ್ಟ್ರ ಹೆಂಡತಿ ಬಾಗಿಲಲ್ಲಿ ನಿಂತು, "ರೀ, ಡಾಕ್ಟ್ರು ಹೇಳಿದ್ದು ಹುಲ್ಲಿನ ಮೇಲೆ ನಡೀರಿ ಅಂತ. ಹುಲ್ಲು ಹೊತ್ಕೊಂಡು ನಡೀರಿ ಅಂತಲ್ಲ" ಎಂದರು.

ನಾಲ್ಕು ಗಂಟೆಗೆ ತಾರಸಿ ಬೋಳಾಯಿತು. ನಾಲ್ಕೂಕಾಲಿಗೆ ಟೈಲರು ಅದೇ ಕೋಟು ಹಿಡಿದು, ತಲೆಯಿಂದ ನೀರು ಸುರಿಸಿಕೊಂಡು ಓಡಿಬಂದರು. ಬೆಳಿಗ್ಗೆ ತೊಟ್ಟಿಕ್ಕುತ್ತಿದ್ದ ಸೂರು ಈಗ ನಲ್ಲಿಯಂತೆ ಸುರಿಯುತ್ತಿತ್ತು.

ಪ್ಲಂಬರ್ ಬಂದ. ಟ್ಯಾಂಕಿನ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು ನೋಡಿದ.

"ಪೈಪು ಸೀಳಿ ಹತ್ತು ದಿನ ಆಗಿರ್ಬೇಕು. ಇಲ್ಲಿ ಏನಾದ್ರೂ ಇತ್ತಾ?"

"ಹುಲ್ಲಿತ್ತು" ಎಂದರು ಮೇಷ್ಟ್ರು.

"ಅದೇ ಮತ್ತೆ. ಇಷ್ಟು ದಿನ ನೀರನ್ನೆಲ್ಲ ಅದು ಕುಡೀತಿತ್ತು. ಯಾವ ಪುಣ್ಯಾತ್ಮ ತೆಗೆಸಿದ್ದು?"

ಟೈಲರು ಕೋಟು ಹಿಂಡಿದರು.

"ಈ ಅಳತೆ ಪೈಪು ಈಗ ಸಿಗಲ್ಲ. ಹುಡುಕ್ಬೇಕು. ತಿಂಗಳು ಹಿಡೀಬಹುದು. ಅಲ್ಲಿವರೆಗೆ ಟ್ಯಾಂಕ್ ಬಂದ್ ಮಾಡ್ಲಾ?"

"ನೀರಿಲ್ದೆ ತಿಂಗಳಾ?" ಎಂದರು ಅತ್ತಿಗೆ.

ಎಂಜಿನಿಯರು ಕೈಕೋಲು ಕುಟ್ಟಿ ತೀರ್ಪು ಕೊಟ್ಟರು. "ಹುಲ್ಲು ವಾಪಸ್ ಹಾಸಿ. ಈ ತಾರಸಿ ಅಷ್ಟು ಭಾರ ಧಾರಾಳವಾಗಿ ತಡೆಯುತ್ತೆ."

ಮೇಷ್ಟ್ರ ಮುಖ ಸ್ವಲ್ಪ ಅರಳಿತು. ಬೆನ್ನು ಮುರಿದರೂ ಚಿಂತೆಯಿಲ್ಲ, ನಾಳೆ ಬೆಳಿಗ್ಗೆ ಅರ್ಧ ಗಂಟೆ ನಡೆಯಬಹುದು. ಕೆಳಗಿಳಿದು ಮೊದಲ ಮೂಟೆಯನ್ನು ಹೆಗಲಿಗೇರಿಸಿಕೊಂಡರು. ಮೇಲಿನಿಂದ ಎಂಜಿನಿಯರು ಬಗ್ಗಿ ನೋಡಿದರು.

"ಮೇಷ್ಟ್ರೇ, ಒಂದು ವಿಷ್ಯ. ತುಳಿದ್ರೆ ಮಣ್ಣು ಗಟ್ಟಿಯಾಗಿ ನೀರು ಹೀರಲ್ಲ. ಅದರ ಮೇಲೆ ಯಾರೂ ಕಾಲಿಡಕೂಡದು. ಮುಖ್ಯವಾಗಿ ನೀವು."