ಅರ್ಧ ನೂಲು ಒಳಕ್ಕೆ

ನಮ್ಮ ಸೋದರಮಾವನಿಗೆ ಜನರ ಮುಖ ನೆನಪಿರುವುದಿಲ್ಲ, ಚಪ್ಪಲಿಯ ಅಡಿ ಮಾತ್ರ ಮರೆಯುವುದಿಲ್ಲ! ವರ್ಕಾಡಿಯ ನಮ್ಮ ಮನೆಗೆ ಯಾರೇ ಬರಲಿ, ಅವರು ಒಳಗೆ ಚಾ ಕುಡಿಯುವಾಗ ಮಾವ ಜಗಲಿಯಲ್ಲಿ ಕೂತು ಅವರ ಚಪ್ಪಲಿ ಮಗುಚಿ ಎಲ್ಲಿ ಸವೆದಿದೆ ಎಂದು ನೋಡುತ್ತಿರುತ್ತಾರೆ. ಅಕ್ಕನನ್ನು ನೋಡಲು ಬಂದ ಗಂಡಿನದ್ದನ್ನೂ ಬಿಡಲಿಲ್ಲ. "ಎರಡು ಹಿಮ್ಮಡಿಯೂ ಸಮ ಸವೆದಿದೆ, ಕೊಡಬಹುದು" ಎಂದರು. ಜಾತಕ ನೋಡಿದ್ದು ಆಮೇಲೆ. ಭಾವ ಇವತ್ತಿಗೂ ನಮ್ಮಲ್ಲಿಗೆ ಹೊಸ ಚಪ್ಪಲಿಯಲ್ಲೇ ಬರುತ್ತಾರೆ.

ಎಂತಕ್ಕೆ ಈ ಹುಚ್ಚು ಎಂದು ಕೇಳಿ ನೋಡಿ! ಮೂವತ್ತು ವರ್ಷ ಕೆಂಪುಕಲ್ಲಿನ ಗೋಡೆ ಎಬ್ಬಿಸಿದ ಮೇಸ್ತ್ರಿ ಅವರು. "ಗೋಡೆ ವಾಲಿದರೆ ಗೋಡೆಗೆ ಬೈದು ಎಂತ ಪ್ರಯೋಜನ? ಅಡಿ ನೋಡಬೇಕು" ಎನ್ನುತ್ತಾರೆ.

ಕಳೆದ ಆಟಿ ತಿಂಗಳ ಮಳೆಯಲ್ಲಿ, ರಜೆಗೆಂದು ಅಕ್ಕ ಹನ್ನೊಂದು ವರ್ಷದ ಮಗಳನ್ನು ಕರೆದುಕೊಂಡು ದುಬೈಯಿಂದ ಬಂದಳು. ಹುಡುಗಿ ಅಲ್ಲಿ ಮಾಲಿನೊಳಗಿನ ಮಂಜುಗಡ್ಡೆಯ ಮೇಲೆ ಫಿಗರ್ ಸ್ಕೇಟಿಂಗ್ ಕಲಿಯುತ್ತಾಳೆ. ಹೊಸ ಸ್ಕೇಟು ಹಾಕಿದಲ್ಲಿಂದ ಎಡಗಾಲು ಒಳಕ್ಕೆ ವಾಲುತ್ತಿತ್ತು. ಒಂಟಿ ಕಾಲಲ್ಲಿ ಜಾರುವ ಪರೀಕ್ಷೆಯಲ್ಲಿ ಎಲ್ಲರೆದುರು ಬಿದ್ದಿದ್ದಳು. ರಜೆ ಮುಗಿದ ಕೂಡಲೇ ಅದೇ ಪರೀಕ್ಷೆ ಮತ್ತೊಮ್ಮೆ. "ಈ ಸಲವೂ ಬಿದ್ದರೆ ಬಿಟ್ಟೇಬಿಡ್ತೇನೆ" ಎಂದು ಸ್ಕೇಟನ್ನು ಮಂಚದಡಿಗೆ ತಳ್ಳಿದ್ದಳು.

ಮಂಚದಡಿಯಲ್ಲಿದ್ದರೆ ಮಾವನಿಗೆ ಸಿಕ್ಕದಿರುತ್ತದೆಯೇ?

"ಇದೆಂತ, ಕೋಳಿ ಅಂಕದ ಹುಂಜದ ಕಾಲಿಗೆ ಕತ್ತಿ ಕಟ್ಟಿದ ಹಾಗುಂಟಲ್ಲ!" ಎಂದು ತಿರುಗಿಸಿ ನೋಡಿದರು. ಕೇಳಿದ ಮೊದಲ ಪ್ರಶ್ನೆ, "ಹಾಕುವ ಮೊದಲು ಕಚ್ಚಿದೆಯೋ ಮಗಾ?" ಹೊಸ ಚಪ್ಪಲಿ ನಮ್ಮನ್ನು ಕಚ್ಚುವ ಮೊದಲು ನಾವೇ ಅದನ್ನು ಕಚ್ಚಬೇಕೆಂಬುದು ನಮ್ಮಲ್ಲಿನ ಕ್ರಮ. ಹುಡುಗಿ ಗಂಭೀರವಾಗಿ ಕಚ್ಚಿಯೇಬಿಟ್ಟಳು.

"ಮಾವ, ಅದು ಇಟಲಿಯ ಬೂಟು" ಎಂದಳು ಅಕ್ಕ.

"ಇಟಲಿಯವರಿಗೆ ಹಲ್ಲಿಲ್ಲವೋ?"

ಆಮೇಲೆ ಅವಳ ಹವಾಯಿ ಚಪ್ಪಲಿ ಮಗುಚಿದರು. ಎಡದ್ದರ ಹಿಮ್ಮಡಿ ಒಳಬದಿಗೆ ಸವೆದಿತ್ತು. ಮಾವ ಆ ಸವೆತದ ಮೇಲೆ ಹೆಬ್ಬೆರಳು ಆಡಿಸಿದರು. ಎದ್ದು ಹೋಗಿ ಸ್ಕ್ರೂಡ್ರೈವರ್ ಮತ್ತು ಗೋಡೆ ನೆಟ್ಟಗುಂಟೋ ಎಂದು ನೋಡುವ ತೂಗುಗುಂಡು ತಂದರು. ಅಕ್ಕನ ಜೀವ ಬಾಯಿಗೆ ಬಂತು.

"ಹೆದರಬೇಡ. ಸ್ಕೇಟಿನ ಅಂಗಡಿಯವ ಬುದ್ಧಿವಂತ. ಎರಡೇ ಸ್ಕ್ರೂ ಹಾಕಿದ್ದಾನೆ, ಅದೂ ಉದ್ದ ತೂತಿನಲ್ಲಿ. ಎಂತಕ್ಕೆ? ಬ್ಲೇಡು ಆಚೀಚೆ ಸರಿಸಲಿಕ್ಕೆ."

ಮೂರು ಸಂಜೆ ಹುಡುಗಿ ಬ್ಲೇಡಿಗೆ ರಬ್ಬರ್ ಕವಚ ಹಾಕಿ ಜಗಲಿಯಲ್ಲಿ ಒಂಟಿ ಕಾಲಲ್ಲಿ ನಿಂತಳು. ಮೊಣಕಾಲಿಂದ ತೂಗುಗುಂಡು ಇಳಿಬಿಟ್ಟು ಮಾವ ನೆಲಕ್ಕೆ ಕೆನ್ನೆ ಹಚ್ಚಿ ನೋಡಿದರು. "ಅಲುಗಾಡಬೇಡ. ನೀನೀಗ ಗೋಡೆ." ಕಡೆಗೆ ಬ್ಲೇಡನ್ನು ಭಾರ ಬೀಳುವ ಬದಿಗೆ, ಅರ್ಧ ನೂಲು ಒಳಕ್ಕೆ ಸರಿಸಿದರು. ನೂಲೆಂದರೆ ಇಂಚಿನ ಎಂಟನೇ ಒಂದು ಪಾಲು, ಮೇಸ್ತ್ರಿಗಳ ಲೆಕ್ಕ. "ಉಳಿದ ಸ್ಕ್ರೂ ಅಂಗಡಿಯವನೇ ಹಾಕಲಿ, ಅವನಿಗೂ ಕೆಲಸ ಬೇಡವೋ" ಎಂದರು.

ರಜೆ ಮುಗಿದು ಅವರು ದುಬೈಗೆ ಮರಳಿದರು. ಪರೀಕ್ಷೆಯ ದಿನ ಮಾವ ಬೆಳಿಗ್ಗೆಯೇ ಇಸ್ತ್ರಿ ಅಂಗಿ ಹಾಕಿ ನನ್ನ ಮೊಬೈಲಿನ ಎದುರು ಕೂತರು. ಮಧ್ಯಾಹ್ನ ವಿಡಿಯೋ ಕರೆ ಬಂತು.

"ಅಜ್ಜ, ಪಾಸ್! ಅಂಗಡಿಯವರು ಬ್ಲೇಡು ನೋಡಿ ಯಾರು ಕೂರಿಸಿದ್ದು ಅಂತ ಕೇಳಿದ್ರು. ನನ್ನ ಅಜ್ಜ, ಮೇಸ್ತ್ರಿ ಅಂದೆ."

ನನ್ನ ಎದೆ ಉಬ್ಬಿತು ಎಂದು ನಾಚಿಕೆಯಿಲ್ಲದೆ ಹೇಳುತ್ತೇನೆ. ಮಾವ ಮಾತ್ರ, "ಅಡಿ ತೋರಿಸು" ಎಂದರು.

ಅವಳು ತೋರಿಸಿದಳು. ಆಮೇಲೆ, "ಈಗ ನಿಮ್ಮದು ತೋರಿಸಿ ಅಜ್ಜ."

ಮಾವ ಕಾಲು ಹಿಂದಕ್ಕೆಳೆದುಕೊಂಡರು. ಊರಿನವರ ಚಪ್ಪಲಿಯನ್ನೆಲ್ಲ ಮಗುಚಿದವರದ್ದನ್ನು ನಾವ್ಯಾರೂ ಇಷ್ಟು ವರ್ಷ ಮಗುಚಿ ನೋಡಿರಲಿಲ್ಲ. ನಾನೇ ಬಗ್ಗಿ ತೆಗೆದೆ. ಎಡದ್ದು, ಹಿಮ್ಮಡಿಯ ಒಳಬದಿ, ಸವೆದು ಸವೆದು ಕಾಗದದಷ್ಟಾಗಿತ್ತು.

"ಸಣ್ಣದಿರುವಾಗಿಂದಲೇ ಹಾಗೆ" ಎಂದರು ಮಾವ. "ಆಗ ನೋಡುವವರು ಯಾರಿದ್ದರು?"

"ಅಜ್ಜ, ನಿಮ್ಮದೂ ನನ್ನ ಹಾಗೇ ಉಂಟು" ಎಂದಳು ಹುಡುಗಿ, ಮೆಲ್ಲಗೆ.

"ಇಲ್ಲ ಮಗಾ" ಎಂದರು ಮಾವ. "ನಿನ್ನದು ಈಗ ನೆಟ್ಟಗುಂಟು."